ಪೆಟ್ರೋಲ್ ಮುಳ್ಳಿನ ಸುಳ್ಳು: ಫ್ಲೋಟ್ ಕಡ್ಡಿಯನ್ನು ಎತ್ತ ಬಗ್ಗಿಸಬೇಕು?

ಬೈಕಿನ ಟ್ಯಾಂಕಲ್ಲಿ ಎರಡು ಲೀಟರ್ ಇದ್ದರೂ ಮುಳ್ಳು 'ಇ' ಮೇಲೆ ಮಲಗಿರುತ್ತದೆ. ಇಲ್ಲವೇ ಕಾಲು ಟ್ಯಾಂಕ್ ತೋರಿಸುತ್ತಲೇ ಗಾಡಿ ನಿಂತುಹೋಗುತ್ತದೆ. ಈ ಟಿಪ್ಪಣಿ ಈ ಎರಡು ದೋಷಗಳಿಗೆ ಮಾತ್ರ. ಟ್ಯಾಂಕ್ ಬಿಚ್ಚುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಅದನ್ನು ಸರ್ವಿಸ್ ಮ್ಯಾನುವಲ್‌ನಲ್ಲೇ ನೋಡಿಕೊಳ್ಳಿ.

ತಪ್ಪು ಯಾರದ್ದು: ಮೀಟರಿನದ್ದೋ, ಟ್ಯಾಂಕ್ ಯೂನಿಟ್ಟಿನದ್ದೋ?

ಟ್ಯಾಂಕ್ ಯೂನಿಟ್ ಅಂದರೆ ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಭಾಗ: ಪೆಟ್ರೋಲ್ ಮೇಲೆ ತೇಲುವ ಫ್ಲೋಟ್, ಅದನ್ನು ಹಿಡಿದ ಕಡ್ಡಿ. ಫ್ಲೋಟ್ ಏರಿಳಿದಂತೆ ಕಡ್ಡಿಯ ಬುಡದಲ್ಲಿರುವ ವೈಪರ್ (ಜಾರುವ ಲೋಹದ ತುಣುಕು) ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಜಾರುತ್ತದೆ. ಮೀಟರ್ ಓದುವುದು ಆ ಪಟ್ಟಿಯ ವಿದ್ಯುತ್ ತಡೆಯನ್ನು, ಅಂದರೆ ಓಮ್‌ಗಳನ್ನು. ಅನೇಕ ಬೈಕುಗಳಲ್ಲಿ ತುಂಬಿದಾಗ ಸುಮಾರು 5ರಿಂದ 10 ಓಮ್, ಖಾಲಿಯಾದಾಗ 90ರಿಂದ 100 ಓಮ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಇದು ಪೂರ್ತಿ ತಿರುವುಮುರುವು, ಆದ್ದರಿಂದ ನಿಮ್ಮ ಗಾಡಿಯ ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮುಂದೆ ಬರೆದಿರುವುದೆಲ್ಲ 'ತುಂಬಿದಾಗ ಕಡಿಮೆ ಓಮ್' ಲೆಕ್ಕದ್ದು.

ಇಗ್ನಿಷನ್ ಆಫ್ ಮಾಡಿ ಟ್ಯಾಂಕ್ ಯೂನಿಟ್ಟಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಬಿಚ್ಚಿ, ಮತ್ತೆ ಆನ್ ಮಾಡಿ. ಮುಳ್ಳು 'ಇ'ಗೆ ಬೀಳಬೇಕು. ಮೀಟರ್ ಕಡೆಯ ಕಪ್ಲರಿನಲ್ಲಿ ಗೇಜ್ ವೈರನ್ನೂ ಅರ್ತ್ ವೈರನ್ನೂ ಒಂದು ತುಂಡು ತಂತಿಯಿಂದ ಸೇರಿಸಿದರೆ 'ಎಫ್'ಗೆ ಏರಬೇಕು. ಏರಿದ ಕೂಡಲೇ ತಂತಿ ತೆಗೆಯಿರಿ. ಫ್ಯೂಯೆಲ್ ಇಂಜೆಕ್ಷನ್ ಗಾಡಿಯಾದರೆ ಪಂಪಿನ ವೈರ್ ಕೂಡ ಅದೇ ಕಪ್ಲರಿನಲ್ಲಿ ಇರಬಹುದು, ವೈರಿಂಗ್ ಚಿತ್ರ ನೋಡದೆ ಅಂದಾಜಿನಲ್ಲಿ ಯಾವ ಎರಡನ್ನೂ ಸೇರಿಸಬೇಡಿ. ಮುಳ್ಳು ಎರಡೂ ತುದಿ ಮುಟ್ಟಿದರೆ ಮೀಟರ್ ಬಹುಮಟ್ಟಿಗೆ ಚೆನ್ನಾಗಿದೆ ಎಂದರ್ಥ.

ಕಡ್ಡಿಗೆ ಕೈ ಹಾಕುವ ಮೊದಲು ಇನ್ನೊಂದನ್ನು ನೋಡಿ. ಕಪ್ಲರ್ ಪಿನ್ನಿಗೆ ಹಸಿರು ಕಿಲುಬು ಹಿಡಿದು 10 ಓಮ್ ಸೇರಿಕೊಂಡಿದೆ ಅನ್ನಿ. ಖಾಲಿಯಲ್ಲಿ 95 ಇದ್ದದ್ದು 105 ಆಗುತ್ತದೆ, ಅದು ಕಣ್ಣಿಗೆ ಬೀಳುವುದೇ ಇಲ್ಲ. ತುಂಬಿದಾಗ 5 ಇದ್ದದ್ದು 15 ಆಗುತ್ತದೆ, ಮುಳ್ಳು 'ಎಫ್' ಮುಟ್ಟದೆ ನಿಲ್ಲುತ್ತದೆ. ಖಾಲಿ ತುದಿ ಸರಿಯಾಗಿದ್ದು ತುಂಬಿದ ತುದಿ ಮಾತ್ರ ಸೋತರೆ ಮೊದಲ ಅನುಮಾನ ಪಿನ್ ಮತ್ತು ಅರ್ತ್ ಮೇಲಿರಲಿ. ಕಪ್ಲರ್ ಸೇರಿಸಿ ಇಗ್ನಿಷನ್ ಆನ್ ಮಾಡಿ, ಟ್ಯಾಂಕ್ ಯೂನಿಟ್ಟಿನ ಅರ್ತ್ ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ವೋಲ್ಟೇಜ್ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಸರಿಮಾಡಿ.

ಹೊರತೆಗೆದ ಮೇಲೆ

ಯೂನಿಟ್ ಹೊರತೆಗೆಯುವ ಮೊದಲೇ ಬ್ಯಾಟರಿ ನೆಗೆಟಿವ್ ಬಿಚ್ಚಿ, ಟ್ಯಾಂಕ್ ಪೂರ್ತಿ ಬಸಿದು, ಗಾಳಿಯಾಡುವ ಕಡೆ ಕೆಲಸ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಮಲ್ಟಿಮೀಟರ್ ಹಚ್ಚುವುದು ಟ್ಯಾಂಕಿನಿಂದ ದೂರ, ಯೂನಿಟ್ ಒಣಗಿದ ಮೇಲೆ.

ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಕುಲುಕಿದ ಸದ್ದು ಬಂದರೆ ಪೆಟ್ರೋಲ್ ಹೊಕ್ಕಿದೆ, ಅಂಥ ಫ್ಲೋಟ್ ಮುಳುಗುತ್ತದೆ, ಎಷ್ಟು ಬಗ್ಗಿಸಿದರೂ ಉಪಯೋಗವಿಲ್ಲ. ಆಮೇಲೆ ಕಡ್ಡಿಯನ್ನು ನಿಧಾನವಾಗಿ ಮೇಲಿಂದ ಕೆಳಗೆ ಎಳೆಯುತ್ತ ಓಮ್ ನೋಡಿ. ಅಂಕಿ ಸರಾಗವಾಗಿ ಬದಲಾಗಬೇಕು. ಮಧ್ಯೆ ಜಿಗಿದರೆ ವೈಪರ್ ದಾರಿ ಕೊಳೆಯಾಗಿದೆ: ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಯಿಂದ ಒರೆಸಿ. ಸ್ಯಾಂಡ್‌ಪೇಪರ್ ಬೇಡ, ಪಟ್ಟಿಯೇ ಸವೆದುಹೋಗುತ್ತದೆ.

ಎಲ್ಲರೂ ಎಡವುವ ಜಾಗ

ಮುಳ್ಳು ಹೆಚ್ಚು ತೋರಿಸುತ್ತಿದೆ, ಇಳಿಸಬೇಕು. ಹಾಗಾದರೆ ಫ್ಲೋಟನ್ನೂ ಕೆಳಕ್ಕೆ ಬಗ್ಗಿಸೋಣ ಅಂತ ಕೈ ತಾನಾಗೇ ಹೋಗುತ್ತದೆ. ಅದು ಉಲ್ಟಾ. ಫ್ಲೋಟ್ ಕೆಳಕ್ಕೆ ಬಗ್ಗಿದರೆ ಮುಳ್ಳು ಇನ್ನೂ ಮೇಲೇರುತ್ತದೆ.

ಯಾಕೆಂದರೆ ಫ್ಲೋಟ್ ಎಷ್ಟು ಎತ್ತರದಲ್ಲಿರಬೇಕು ಅನ್ನುವುದನ್ನು ಪೆಟ್ರೋಲ್ ತೀರ್ಮಾನಿಸುತ್ತದೆ, ಕಡ್ಡಿಯಲ್ಲ. ನೀವು ಹೇಗೆ ಬಗ್ಗಿಸಿದರೂ ಫ್ಲೋಟ್ ಪೆಟ್ರೋಲಿನ ಮೇಲೇ ತೇಲುತ್ತದೆ. ಬದಲಾಗುವುದು ಫ್ಲೋಟಿಗೂ ವೈಪರಿಗೂ ನಡುವಿನ ಕೋನ ಮಾತ್ರ. ಕೈಯಲ್ಲೇ ಮಾಡಿ ನೋಡಬಹುದು. ಮೊಣಕೈಯನ್ನು ಮೇಜಿನ ಮೇಲೆ ಊರಿ, ಅಂಗೈ ಕೆಳಮುಖವಾಗಿ ಚಾಚಿ, ಬೆರಳ ತುದಿಯನ್ನು ಒಂದು ಡಬ್ಬದ ಮೇಲೆ ಇಡಿ. ಮೊಣಕೈ ತಿರುಗಣೆ, ಮುಂದೋಳು ವೈಪರ್, ಬೆರಳ ತುದಿ ಫ್ಲೋಟ್, ಡಬ್ಬ ಪೆಟ್ರೋಲ್ ಮಟ್ಟ. ಬೆರಳ ತುದಿ ಡಬ್ಬ ಬಿಡದಂತೆ ಮಣಿಕಟ್ಟನ್ನು ಬಗ್ಗಿಸಿ ಬೆರಳುಗಳನ್ನು ಕೆಳಮುಖ ಮಾಡಿ. ಮುಂದೋಳು ಮೇಲಕ್ಕೇಳುತ್ತದೆ ಅಲ್ಲವೇ? ಪೆಟ್ರೋಲ್ ಅಷ್ಟೇ ಇದೆ, ಆದರೆ ವೈಪರ್ 'ಎಫ್' ಕಡೆ ಸರಿಯಿತು.

ಹಾಗಾಗಿ ಹೆಚ್ಚು ತೋರಿಸುವ ಮುಳ್ಳಿಗೆ ಫ್ಲೋಟನ್ನು ಮೇಲಕ್ಕೆ, ಕಡಿಮೆ ತೋರಿಸುವ ಮುಳ್ಳಿಗೆ ಕೆಳಕ್ಕೆ ಬಗ್ಗಿಸಬೇಕು. ಮುಳ್ಳು ಹೋಗಬೇಕಾದ ಕಡೆಗೆ ವಿರುದ್ಧವಾಗಿ ಅಂತ ಕಪ್ಲರಿನ ಮೇಲೇ ಬರೆದಿಟ್ಟರೂ ನಷ್ಟವಿಲ್ಲ.

ಎಷ್ಟು ಬಗ್ಗಿಸಬೇಕು? ಕಡ್ಡಿ 100 ಮಿಲಿಮೀಟರ್ ಉದ್ದ, ಪೂರ್ತಿ ಓಟ 60 ಡಿಗ್ರಿ, ಅದರೊಳಗೆ 90 ಓಮ್ ಬದಲಾವಣೆ ಎಂದು ಇಟ್ಟುಕೊಳ್ಳಿ. ಅಂದರೆ ಡಿಗ್ರಿಗೆ 1.5 ಓಮ್. ಫ್ಲೋಟ್ ತುದಿ 10 ಮಿಲಿಮೀಟರ್ ಸರಿದರೆ ಸುಮಾರು 5.7 ಡಿಗ್ರಿ, ಅಂದರೆ 8.6 ಓಮ್, ಮೀಟರಿನಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು. ಒಮ್ಮೆಗೆ 3ರಿಂದ 5 ಮಿಲಿಮೀಟರ್ ದಾಟಬೇಡಿ. ಬಗ್ಗಿಸುವ ಮೊದಲು ಕಡ್ಡಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲ್ ಗೆರೆ ಎಳೆದುಕೊಂಡರೆ ಹಳೆಯ ಆಕಾರಕ್ಕೆ ಮರಳಬಹುದು. ಒಂದು ನೋಸ್ ಪ್ಲೈಯರಿನಿಂದ ತಿರುಗಣೆಯ ಪಕ್ಕದಲ್ಲೇ ಕಡ್ಡಿ ಹಿಡಿದು, ಅದರಾಚೆ ಇನ್ನೊಂದರಿಂದ ಬಗ್ಗಿಸಿ. ಒಂದೇ ಪ್ಲೈಯರಿನಲ್ಲಿ ಎಳೆದರೆ ಬಲವೆಲ್ಲ ವೈಪರಿಗೆ ಬೀಳುತ್ತದೆ.

ಬಗ್ಗಿಸುವುದರಿಂದ ಇಡೀ ಅಳತೆ ಒಂದೇ ಕಡೆ ಜರುಗುತ್ತದೆ, ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಮೇಲಕ್ಕೆ ಹೆಚ್ಚು ಬಗ್ಗಿಸಿದರೆ ಫ್ಲೋಟ್ ಟ್ಯಾಂಕಿನ ಚಾವಣಿಗೆ ಬೇಗ ತಾಗಿ 'ಎಫ್' ತಲುಪುವುದಿಲ್ಲ. ಕೆಳಕ್ಕೆ ಹೆಚ್ಚಾದರೆ ತಳಕ್ಕೆ ಕೂತು 'ಇ' ತಲುಪುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ 'ಎಫ್' ಬಿಡಿ. 'ಎಫ್' ಸುಳ್ಳಾದರೆ ಬಂಕಿನಲ್ಲೇ ಗೊತ್ತಾಗುತ್ತದೆ, 'ಇ' ಸುಳ್ಳಾದರೆ ದಾರಿ ಮಧ್ಯೆ ಗೊತ್ತಾಗುತ್ತದೆ.

ರೆಸಿಸ್ಟರ್ ಹಾಕುವ ಅಡ್ಡದಾರಿ

ಟ್ಯಾಂಕ್ ಬಿಚ್ಚದೆ ಹೊರಗಿನ ವೈರಿಗೆ ರೆಸಿಸ್ಟರ್ ಸೇರಿಸುವವರೂ ಇದ್ದಾರೆ. ಸೀರೀಸ್‌ನಲ್ಲಿ (ಅದೇ ವೈರಿನ ದಾರಿಯಲ್ಲಿ) 10 ಓಮ್ ಹಾಕಿದರೆ ಕಿಲುಬಿನ ಕಥೆಯೇ, ತುಂಬಿದ ತುದಿಗೆ ಹೊಡೆತ. ಪ್ಯಾರಲಲ್‌ನಲ್ಲಿ (ಗೇಜ್ ವೈರಿಗೂ ಅರ್ತ್ ವೈರಿಗೂ ಅಡ್ಡವಾಗಿ) 470 ಓಮ್ ಹಾಕಿದರೆ 95 ಇದ್ದದ್ದು 79 ಆಗುತ್ತದೆ, 5 ಇದ್ದದ್ದು 4.95, ಅಂದರೆ ಹಾಗೇ ಉಳಿಯುತ್ತದೆ. ಬೇಗ 'ಇ' ತೋರಿಸುವ ಮುಳ್ಳಿಗೆ ಇದು ಹೊಂದುವಂತೆ ಕಾಣುತ್ತದೆ, ಆದರೆ ಯೂನಿಟ್ಟಿನಿಂದ 95ಕ್ಕಿಂತ ಹೆಚ್ಚು ಬರುವುದಿಲ್ಲವಾದ್ದರಿಂದ ಟ್ಯಾಂಕ್ ಬರಿದಾದರೂ ಮುಳ್ಳು 'ಇ'ಗೆ ಇಳಿಯುವುದಿಲ್ಲ. ಕಡ್ಡಿ ಬಗ್ಗಿಸಲು ಜಾಗವೇ ಇಲ್ಲದಾಗ ಮಾತ್ರ ಇದು.

ಮತ್ತೆ ಕೂರಿಸಿ ಅಳೆಯುವುದು

ಸೀಲ್ ಹೊಸದಿರಲಿ, ಪೆಟ್ರೋಲ್ ತಡೆಯುವ ರಬ್ಬರಿನದ್ದೇ ಆಗಿರಲಿ. ನಟ್‌ಗಳನ್ನು ಎದುರು-ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಮೇಲೆ ಬೇಡ. ಇಗ್ನಿಷನ್ ಆಫ್ ಇರುವಾಗ ಒಂದು ಲೀಟರ್ ಹಾಕಿ, ಕ್ಯಾಪ್ ಮುಚ್ಚಿ, ಆಮೇಲೆ ಆನ್ ಮಾಡಿ ಮುಳ್ಳಿನ ಜಾಗ ಬರೆದುಕೊಳ್ಳಿ. ಹೀಗೆ ಲೀಟರ್ ಲೀಟರಾಗಿ. ಕೆಲವು ಮೀಟರುಗಳು ನಿಧಾನಿ, ಒಂದೆರಡು ನಿಮಿಷ ಕಾಯಿರಿ.

ಮುಳ್ಳು ಅರ್ಧದಲ್ಲಿರುವಾಗ ಟ್ಯಾಂಕಿನಲ್ಲಿ ಸರಿಯಾಗಿ ಅರ್ಧ ಪೆಟ್ರೋಲ್ ಇಲ್ಲದಿದ್ದರೆ ಮತ್ತೆ ಬಗ್ಗಿಸಲು ಹೋಗಬೇಡಿ. ಟ್ಯಾಂಕಿನ ಕೆಳಗೆ ಫ್ರೇಮ್ ಹಾದುಹೋಗುವ ಉಬ್ಬು ಇರುತ್ತದೆ. ಅದರ ಮೇಲೆ ಟ್ಯಾಂಕ್ ಅಗಲ, ಮಟ್ಟ ನಿಧಾನ ಇಳಿಯುತ್ತದೆ. ಕೆಳಗೆ ಎರಡು ಕಿರಿದಾದ ಜೇಬುಗಳು, ಮಟ್ಟ ಸರ್ರನೆ ಇಳಿಯುತ್ತದೆ. ಅದು ಟ್ಯಾಂಕಿನ ಆಕಾರ, ಕಡ್ಡಿಯ ತಪ್ಪಲ್ಲ. ರಿಸರ್ವ್ ಮಟ್ಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅದನ್ನು ಸರಿಮಾಡಿಕೊಂಡರೆ ಸಾಕು.