ಗಾಲಿಕುರ್ಚಿಗೆ ಒಗ್ಗಿಕೊಂಡರೆ ಕಾಲು ಬರುವುದಿಲ್ಲವೇ?

ಪ್ರಶ್ನೆ: ಎತ್ತರದಿಂದ ಬಿದ್ದು ನನ್ನ ತಮ್ಮನ ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಪೆಟ್ಟಾಗಿ ಎರಡೂವರೆ ತಿಂಗಳಾಯಿತು. ಕೈಗಳು ಚೆನ್ನಾಗಿವೆ, ಕಾಲುಗಳಲ್ಲಿ ಸ್ವಾಧೀನವಿಲ್ಲ. ಗಾಲಿಕುರ್ಚಿ ಬಳಸಲು ಕಲಿಸೋಣ ಎಂದು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ಅದಕ್ಕೆ ಒಗ್ಗಿಕೊಂಡರೆ ನಡೆಯುವ ಛಲವೇ ಹೋದೀತು ಎಂದು ಮನೆಯವರಿಗೆ ಭಯ. ಕಾಲು ಬರುವವರೆಗೆ ಕಾಯಬಾರದೇ?

ಉತ್ತರ: ದಯವಿಟ್ಟು ಕಾಯಬೇಡಿ. ಗಾಲಿಕುರ್ಚಿಯಲ್ಲಿ ಕುಳಿತ ಕಾರಣಕ್ಕೆ ಬರಬೇಕಾದ ಕಾಲು ಬಾರದೆ ಹೋಗುವುದಿಲ್ಲ. ಮುಖ್ಯವಾಗಿ ಅದು ನಿಂತಿರುವುದು ಪೆಟ್ಟಾದ ಜಾಗದಲ್ಲಿ ಎಷ್ಟು ನರತಂತುಗಳು ಉಳಿದಿವೆ ಎಂಬುದರ ಮೇಲೆ. "ಮನಸ್ಸು ಮಾಡಿದರೆ ಎದ್ದು ನಡೆಯುತ್ತೀಯ" ಎಂದು ತಮ್ಮನಿಗೆ ಹೇಳುತ್ತಿದ್ದರೆ ಇಂದೇ ನಿಲ್ಲಿಸಿ. ಆ ಮಾತನ್ನು ಕೇಳಿ ಕೇಳಿ, ಏಳಲಾಗದಿರುವುದು ತನ್ನದೇ ತಪ್ಪು ಎಂದು ಒಳಗೊಳಗೇ ಕೊರಗುವವರಿದ್ದಾರೆ.

ಎಷ್ಟು ಉಳಿದಿದೆ ಎಂದು ತಿಳಿಯಲು ವೈದ್ಯರು ಸೂಜಿಮೊನೆ ಮತ್ತು ಹತ್ತಿಯಿಂದ ಮೈಯೆಲ್ಲ ಮುಟ್ಟಿ ನೋಡುತ್ತಾರೆ. ಗುದದ್ವಾರದ ಸುತ್ತ ಸ್ಪರ್ಶ ತಿಳಿಯುತ್ತದೆಯೇ, ಅಲ್ಲಿನ ಸ್ನಾಯುವನ್ನು ತಾನಾಗಿ ಬಿಗಿಹಿಡಿಯಬಲ್ಲನೇ ಎಂದೂ ಪರೀಕ್ಷಿಸುತ್ತಾರೆ. ಮುಜುಗರದ ಪರೀಕ್ಷೆ, ಆದರೆ ಬೆನ್ನುಹುರಿಯ ತುದಿಯವರೆಗೆ ಸಂದೇಶ ತಲುಪುತ್ತಿದೆಯೇ ಎಂಬುದು ಗೊತ್ತಾಗುವುದು ಅಲ್ಲೇ. ಅಲ್ಲಿ ಏನಾದರೂ ಉಳಿದಿದ್ದರೆ ಆಸೆಗೆ ಹೆಚ್ಚು ಆಧಾರವಿದೆ. ಫಲಿತಾಂಶವನ್ನು ಬಿಡಿಸಿ ಹೇಳುವಂತೆ ಕೇಳಿ. ಕಾಲು ತಾನಾಗಿ ಅದುರಿದರೆ ಮಾತ್ರ ಅದನ್ನು ಚೇತರಿಕೆ ಎಂದುಕೊಳ್ಳಬೇಡಿ. ಮಿದುಳಿನ ಹಿಡಿತ ತಪ್ಪಿದ ಹುರಿ ತನ್ನಷ್ಟಕ್ಕೆ ತೋರುವ ಪ್ರತಿಕ್ರಿಯೆ ಅದು. ಆ ಸೆಳೆತ ಒಮ್ಮೆಲೇ ಹೆಚ್ಚಾದರೆ ಮೂತ್ರದ ಸೋಂಕೋ ಹುಣ್ಣೋ ಇರಬಹುದು, ಹುಡುಕಿ.

ಇನ್ನು ಕಾಯುವುದರ ಬೆಲೆ. ಮಲಗಿಯೇ ಇರುವ ದೇಹ ದಿನದಿನಕ್ಕೂ ಸೋಲುತ್ತದೆ: ಕೀಲುಗಳು ಬಿಗಿಯುತ್ತವೆ, ಮೂಳೆ ಸವೆಯುತ್ತದೆ, ಚರ್ಮ ಸಾಯುತ್ತದೆ. ಎರಡನೇ ಮಹಾಯುದ್ಧದವರೆಗೂ ಇಂಥವರಲ್ಲಿ ಹೆಚ್ಚಿನವರ ಜೀವ ತೆಗೆಯುತ್ತಿದ್ದುದು ಬಾರದ ಕಾಲಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಬಂದ ನರರೋಗ ವೈದ್ಯ ಲುಡ್ವಿಗ್ ಗುಟ್‌ಮನ್ ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವಂತೆ ಪಟ್ಟು ಹಿಡಿದರು. ನಾಲ್ಕು ವರ್ಷಗಳ ನಂತರ, 1948ರ ಜುಲೈ 29ರಂದು, ಅದೇ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್‌ನ ಬೇರು ಅದು.

ಆದ್ದರಿಂದ ಕುರ್ಚಿಯ ಜೊತೆಗೇ ಚರ್ಮದ ಕಾವಲನ್ನೂ ತಮ್ಮ ಕಲಿಯಬೇಕು. ಕುಳಿತಾಗ ಅರ್ಧ ಗಂಟೆಗೊಮ್ಮೆಯಾದರೂ ಎದೆಯನ್ನು ತೊಡೆಗಳತ್ತ ಬಾಗಿಸಿ ಸುಮಾರು ಎರಡು ನಿಮಿಷ ಹಾಗೇ ಇರಬೇಕು. ಪೃಷ್ಠದ ಮೂಳೆಗಳ ಮೇಲಿನ ಭಾರ ಇಳಿದು ಅಲ್ಲಿಗೆ ರಕ್ತ ಹರಿಯಲು ಅಷ್ಟು ಹೊತ್ತು ಬೇಕು. ದಿನವೂ ಕನ್ನಡಿ ಹಿಡಿದು ಪೃಷ್ಠ ಮತ್ತು ಹಿಮ್ಮಡಿ ನೋಡಿಕೊಳ್ಳಲಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಬೆರಳಿಗೆ ಬಿಸಿಯಾಗಿಯೋ ಗಟ್ಟಿಯಾಗಿಯೋ ಹತ್ತುವ ಜಾಗವೇ ಸುಳಿವು. ಅಂಥ ಜಾಗ ಸರಿಹೋಗುವವರೆಗೆ ಅದರ ಮೇಲೆ ಭಾರ ಬೀಳಬಾರದು.

ಹಾಸಿಗೆಯಿಂದ ಕುರ್ಚಿಗೆ ದಾಟುವುದು ಬರೀ ತೋಳ್ಬಲದ ಕೆಲಸವಲ್ಲ. ಬ್ರೇಕ್ ಹಾಕಿ, ಮುಂದಕ್ಕೆ ಬಾಗಿ, ತಲೆಯನ್ನು ಒಂದು ಕಡೆಗೆ ಹೊರಳಿಸಿದರೆ ಸೊಂಟ ತಾನಾಗಿ ಇನ್ನೊಂದು ಕಡೆಗೆ ಜರುಗುತ್ತದೆ. ಇದು ಕೈಗೆ ಹತ್ತಲು ವಾರಗಳೇ ಬೇಕಾಗಬಹುದು. ನೀವು ಪಕ್ಕದಲ್ಲಿ ನಿಲ್ಲಿ, ಆದರೆ ಕಷ್ಟಪಡುತ್ತಿದ್ದಾನೆ ಎಂದು ಎತ್ತಿ ಕೂರಿಸಬೇಡಿ. ಮೂತ್ರಕ್ಕೂ ಇದೇ ಮಾತು. ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ಕ್ಯಾತಿಟರ್ ಹಾಕಿ ಮೂತ್ರ ತೆಗೆಯಲು ವೈದ್ಯರು ಸೂಚಿಸಿದರೆ, ಕಲಿಯಬೇಕಾದವನು ಅವನೇ.

ಕಾಲಿನ ಚಿಕಿತ್ಸೆಯನ್ನು ಬಿಡಬೇಕು ಎಂದು ಇದರ ಅರ್ಥವಲ್ಲ. ಚೇತರಿಕೆಯ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲಿ ಕಾಣುತ್ತದೆ, ನಿಧಾನವಾಗಿ ಆಮೇಲೂ ಮುಂದುವರಿಯಬಹುದು. ಬೆಳಿಗ್ಗೆ ನಿಲ್ಲುವ ಅಭ್ಯಾಸ ಮಾಡಿದವನೇ ಮಧ್ಯಾಹ್ನ ಕುರ್ಚಿ ತಳ್ಳಿಕೊಂಡು ಹೊರಗೆ ಹೋಗಬಹುದು. ಮನೆಯೊಳಗೆ ನಡೆಯುವಷ್ಟು ಚೇತರಿಸಿಕೊಂಡ ಎಷ್ಟೋ ಮಂದಿ ದೂರಕ್ಕೆ ಕುರ್ಚಿಯನ್ನೇ ಬಳಸುತ್ತಾರೆ.

ಒಂದು ವಿಷಯವನ್ನು ಇಂದೇ ವೈದ್ಯರಲ್ಲಿ ಕೇಳಿ: ಪೆಟ್ಟು ಎಷ್ಟನೆಯ ಕಶೇರುಕದ (ಬೆನ್ನೆಲುಬಿನ ಒಂದೊಂದು ಮೂಳೆಯ) ಮಟ್ಟದಲ್ಲಿದೆ? ಎದೆಯ ಆರನೆಯದು ಅಥವಾ ಅದಕ್ಕಿಂತ ಮೇಲಾದರೆ, ತುಂಬಿದ ಮೂತ್ರಕೋಶ ಅಥವಾ ಮಲಬದ್ಧತೆಯಿಂದಲೂ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ತಲೆ ಸಿಡಿಯುವಂಥ ನೋವು, ಕೆಂಪೇರಿದ ಮುಖ, ಬೆವರು ಕಂಡರೆ ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಕಟ್ಟಿದೆಯೇ ನೋಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.