ಕ್ಯಾನ್ವಾಸಿಗೆ ಅಂಟಿದ ಚಿಟ್ಟೆಗಳು

ಡಚ್ ಕಲಾವಿದ ಓಟ್ಟೊ ಮಾರ್ಸೆಯಸ್ ವಾನ್ ಸ್ಕ್ರೀಕ್‌ನ ಕೆಲವು ಚಿತ್ರಗಳಲ್ಲಿ ಚಿಟ್ಟೆಗಳನ್ನು ಬಣ್ಣದಲ್ಲಿ ಬರೆದಿಲ್ಲ, ಅಂಟಿಸಲಾಗಿದೆ. ಹಸಿ ಬಣ್ಣದ ಮೇಲೆ ನಿಜವಾದ ರೆಕ್ಕೆಯನ್ನು ಒತ್ತಿ, ಪೊರೆಯನ್ನು ನಾಜೂಕಾಗಿ ಬಿಡಿಸಿದರೆ ಹುಡಿ ಅಲ್ಲೇ ಉಳಿಯುತ್ತದೆ. ಚಿಟ್ಟೆ ಹಿಡಿದಾಗ ಬೆರಳಿಗೆ ಮೆತ್ತುವ ಈ ಹುಡಿಯ ಪ್ರತಿಯೊಂದು ಕಣವೂ ಸುಮಾರು 0.1 ಮಿಲಿಮೀಟರ್ ಉದ್ದದ ಹುರುಪೆ. ರೆಕ್ಕೆಯ ಮೇಲೆ ಇವು ಹೆಂಚು ಹೊದಿಸಿದಂತೆ ಸಾಲಾಗಿರುತ್ತವೆ. ಒತ್ತಿದಾಗ ಹುರುಪೆಯ ಮೇಲ್ಮೈ ಬಣ್ಣಕ್ಕೆ ಅಂಟುವುದರಿಂದ ನೋಡುಗರಿಗೆ ಕಾಣುವುದು ಅದರ ಅಡಿಭಾಗ. ವರ್ಣದ್ರವ್ಯದಿಂದ ಬಂದ ಕಂದು, ಕಿತ್ತಳೆಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಮಿರುಗುವ ನೀಲಿಯ ಕಥೆ ಬೇರೆ: ಅದು ಹುರುಪೆಯ ಸೂಕ್ಷ್ಮ ಪದರಗಳಲ್ಲಿ ಬೆಳಕಿನ ಅಲೆಗಳು ಕೂಡಿ ಕಳೆದು ಹುಟ್ಟುವ ಬಣ್ಣ. ಹುರುಪೆ ಮಗುಚಿದರೆ ಅದೇ ಹೊಳಪು ಸಿಗುವ ಖಾತ್ರಿಯಿಲ್ಲ.

1678ರಲ್ಲಿ ತೀರಿಕೊಂಡ ಈ ಕಲಾವಿದನಿಗೆ ಹೂಗುಚ್ಛ, ಬೆಳ್ಳಿ ಬಟ್ಟಲುಗಳಿಗಿಂತ ಮರದ ಬುಡದ ಕತ್ತಲೆಯೇ ಇಷ್ಟ. ಅಣಬೆ, ಮುಳ್ಳುಗಿಡ, ಪಾಚಿ, ನೆಲಗಪ್ಪೆ, ಹಾವು ಅವನ ವಸ್ತುಗಳು. ಹುಳಹುಪ್ಪಟೆ ಹುಡುಕುತ್ತ ಅಲೆಯುತ್ತಿದ್ದ ಅವನನ್ನು ರೋಮ್‌ನಲ್ಲಿ ಗೆಳೆಯರು ‘ಮೂಸುವವನು’ ಎಂದು ಛೇಡಿಸುತ್ತಿದ್ದರು. ತಾಯ್ನಾಡಿಗೆ ಮರಳಿದ ಮೇಲೆ ಆಮ್ಸ್ಟರ್‌ಡ್ಯಾಮ್ ಹತ್ತಿರ ಬೇಲಿ ಹಾಕಿದ ಜಾಗದಲ್ಲಿ ಹಾವು, ಹಲ್ಲಿಗಳನ್ನು ಸಾಕಿದ. ಹೆಂಡತಿಯ ತಾಳ್ಮೆಯನ್ನೂ ಮೆಚ್ಚಬೇಕು.

ಅದು ಕೆಸರಿನಿಂದ ಕಪ್ಪೆಯೂ ಕೊಳೆತ ಮಾಂಸದಿಂದ ಹುಳುವೂ ತಾವಾಗಿಯೇ ಹುಟ್ಟುತ್ತವೆಂದು ವಿದ್ವಾಂಸರೂ ನಂಬಿದ್ದ ಕಾಲ. ಮಾರ್ಸೆಯಸ್ ಕೆಲಸ ಮಾಡಿದ್ದ ಫ್ಲಾರೆನ್ಸಿನ ಮೆಡಿಚಿ ಆಸ್ಥಾನದಲ್ಲೇ ಫ್ರಾನ್ಸೆಸ್ಕೊ ರೆಡಿ ಎಂಬ ವೈದ್ಯನಿದ್ದ. ತೆರೆದ ಪಾತ್ರೆಯ ಮಾಂಸದಲ್ಲಿ ಹುಳುಗಳಾಗುತ್ತವೆ, ತೆಳುಬಟ್ಟೆ ಮುಚ್ಚಿದ ಪಾತ್ರೆಯಲ್ಲಿ ಆಗುವುದಿಲ್ಲ, ಏಕೆಂದರೆ ನೊಣ ಒಳಗೆ ಮೊಟ್ಟೆಯಿಡಲಾರದು ಎಂದು ಅವನು 1668ರಲ್ಲಿ ತೋರಿಸಿಕೊಟ್ಟ. ಮರುವರ್ಷ ಆಮ್ಸ್ಟರ್‌ಡ್ಯಾಮಿನ ಯಾನ್ ಸ್ವಾಮರ್ಡಾಮ್ ಕೀಟಗಳ ಬಗ್ಗೆ ಗ್ರಂಥ ಪ್ರಕಟಿಸಿ, ಕಂಬಳಿಹುಳು ಸತ್ತು ಚಿಟ್ಟೆ ಹುಟ್ಟುವುದಿಲ್ಲ, ಎರಡೂ ಒಂದೇ ಜೀವಿ ಎಂದು ವಾದಿಸಿದ.

ಹಾಗೆಂದು ಈ ಚಿತ್ರಗಳನ್ನು ಪರಿಸರ ವಿಜ್ಞಾನದ ಪಾಠವೆಂದು ನಂಬಬಾರದು. ಇವುಗಳಲ್ಲಿ ಹಾವುಗಳು ಚಿಟ್ಟೆಗೆ ಬಾಯಿ ಹಾಕುತ್ತವೆ. ನೆದರ್ಲೆಂಡ್ಸ್‌ನ ಹಾವುಗಳ ನಿಜವಾದ ಊಟ ಕಪ್ಪೆ, ಹಲ್ಲಿ, ಇಲಿ. ಬಿಸಿಲಿಗೆ ಹಾರುವ ಚಿಟ್ಟೆಗಳಿಗೆ ಆ ಕತ್ತಲಲ್ಲಿ ಕೆಲಸವೂ ಇಲ್ಲ. ಒಂದೊಂದು ಜೀವಿಯನ್ನೂ ಕಣ್ಣಾರೆ ನೋಡಿ ಬರೆದವನು ಅವುಗಳ ನಡುವಿನ ಜಗಳವನ್ನು ಮಾತ್ರ ಕಲ್ಪಿಸಿಕೊಂಡಿದ್ದಾನೆ.

ಈ ಬಗೆಯ ಚಿತ್ರಗಳನ್ನು ಮುಂದೆ ರಾಖೆಲ್ ರೌಶ್ ಕೂಡ ಬರೆದಳು. ಆಕೆಗೆ ಮಾದರಿಗಳ ಕೊರತೆ ಇದ್ದಿರಲಾರದು: ತಂದೆ ಫ್ರೆಡರಿಕ್ ಅಂಗರಚನಾ ತಜ್ಞ, ಅವನ ಮಾದರಿಗಳ ಸಂಗ್ರಹವನ್ನು 1717ರಲ್ಲಿ ರಷ್ಯದ ದೊರೆ ಪೀಟರ್ ಕೊಂಡುಕೊಂಡ.