ಐಎಸ್‌ಸಿ: ಪ್ಯಾನೆಲ್ ಬೆನ್ನಿನ ಮೇಲಿರುವ ಲೆಕ್ಕ

ಸೋಲಾರ್ ಪ್ಯಾನೆಲನ್ನು ಮಗುಚಿ ನೋಡಿದರೆ ಬೆನ್ನಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿರುವ ವಿಒಸಿ ಎಂದರೆ, ಏನೂ ಜೋಡಿಸದೆ ಸುಮ್ನೆ ಬಿಸಿಲಿಗಿಟ್ಟಾಗ ಸಿಗುವ ವೋಲ್ಟೇಜ್. ಐಎಸ್‌ಸಿ ಎಂದರೆ ಶಾರ್ಟ್ ಸರ್ಕ್ಯೂಟ್ ಕರೆಂಟ್. ಪ್ಲಸ್, ಮೈನಸ್ ವೈರುಗಳನ್ನು ನೇರವಾಗಿ ಸೇರಿಸಿದಾಗ ಹರಿಯುವ ಕರೆಂಟ್ ಅದು.

ಶಾರ್ಟ್ ಅಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಬ್ಯಾಟರಿಯನ್ನು ಹಾಗೆ ಮಾಡಿದರೆ ವೈರೇ ಕರಗಬಹುದು. ಪ್ಯಾನೆಲ್ ಹಾಗಲ್ಲ. ಎಷ್ಟು ಬಿಸಿಲೋ ಅಷ್ಟೇ ಕರೆಂಟ್. ಒಳ್ಳೆ ಬಿಸಿಲಲ್ಲಿ ಸ್ವಲ್ಪ ಹೊತ್ತು ಶಾರ್ಟ್ ಮಾಡಿ ಅಳೆದರೆ ಅದಕ್ಕೇನೂ ಆಗುವುದಿಲ್ಲ. ಆದರೆ ಮೊದಲು ಬ್ಯಾಟರಿ, ಅದರ ಚಾರ್ಜ್ ನೋಡಿಕೊಳ್ಳುವ ಕಂಟ್ರೋಲರ್ ಎರಡನ್ನೂ ಬಿಚ್ಚಿಟ್ಟಿರಬೇಕು.

ಪ್ಯಾನೆಲಿಗೆ ಪೆಟ್ಟು ಬೀಳುವುದು ಅರೆನೆರಳಿನಲ್ಲಿ. ನಮ್ಮ ಕೊಡಗಿನ ತೋಟಗಳಲ್ಲಿ ನೆರಳಿಗೇನು ಬರ. ಆನೆ ಬೇಲಿಯ ಪ್ಯಾನೆಲ್ ಅಳೆಯಲು ನಾನೊಮ್ಮೆ ಶಾರ್ಟ್ ಮಾಡಿ, ಹಾಗೇ ಬಿಟ್ಟು ಕಾಫಿ ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಒಂದು ಸಿಲ್ವರ್ ಓಕ್ ಎಲೆ ಗಾಜಿನ ಮೇಲೆ ಬಿದ್ದಿತ್ತು. ಹಿಂದಿನಿಂದ ಮುಟ್ಟಿದೆ. ಎಲೆಯ ನೇರಕ್ಕೆ ಬೆರಳು ಇಡಲಾಗದಷ್ಟು ಸುಡುತ್ತಿತ್ತು, ಪಕ್ಕದಲ್ಲಿ ಬರೀ ಬೆಚ್ಚಗೆ. ಇದೇ ಹಾಟ್ ಸ್ಪಾಟ್. ಅಂಥ ಪ್ಯಾನೆಲಿನಲ್ಲಿ 36 ಸೆಲ್ ಸಾಲಾಗಿ ಪೋಣಿಸಿರುತ್ತವೆ. ಒಂದಕ್ಕೆ ನೆರಳು ಬಿದ್ದರೆ ಉಳಿದವು ಅದರ ಮೂಲಕವೇ ಕರೆಂಟ್ ತಳ್ಳಲು ನೋಡುತ್ತವೆ. ಆ ಒಂದು ಸೆಲ್ ಕರೆಂಟ್ ಮಾಡುವ ಬದಲು ನುಂಗಿ ಬಿಸಿಯಾಗುತ್ತದೆ. ಶಾರ್ಟ್ ಆಗಿದ್ದಾಗಲೇ ಈ ಒತ್ತಡ ಅತಿ ಜಾಸ್ತಿ. ಬೈಪಾಸ್ ಡಯೋಡ್ ಇರುವುದು ಕರೆಂಟಿಗೆ ಬಳಸುದಾರಿ ಕೊಡಲು. ಸಣ್ಣ ಪ್ಯಾನೆಲುಗಳಲ್ಲಿ ಕೆಲವಕ್ಕೆ ಅದೂ ಇರುವುದಿಲ್ಲ.

ಇನ್ನೊಂದು ಕಿಡಿಯ ವಿಷಯ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆಯಲೇಬೇಡಿ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಕಿಡಿ ತಾನಾಗಿ ಆರುತ್ತದೆ. ಪ್ಯಾನೆಲಿನದು ಡಿಸಿ, ಕಿಡಿ ಹಾಗೇ ಉರಿಯುತ್ತಾ ಕನೆಕ್ಟರನ್ನು ತಿನ್ನುತ್ತದೆ. ಹಾಗಾಗಿ ಜೋಡಿಸುವಾಗಲೂ ಬಿಚ್ಚುವಾಗಲೂ ಪ್ಯಾನೆಲ್ ಮುಚ್ಚಿ. ಕಣದಲ್ಲಿ ಕಾಫಿ ಮುಚ್ಚುವ ದಪ್ಪ ಟಾರ್ಪಾಲ್ ಸಾಕು. ಆದರೆ ಪೂರ್ತಿ ಮುಚ್ಚಬೇಕು. ಅರ್ಧ ಮುಚ್ಚಿದರೆ ಆ ಎಲೆಯ ಕೆಲಸವನ್ನು ನೀವೇ ಮಾಡಿದಂತೆ.

ಮೀಟರ್ ಬಗ್ಗೆಯೂ ಒಂದು ಮಾತು. ಸಾಮಾನ್ಯ ಮಲ್ಟಿಮೀಟರ್ ತಡೆಯುವುದು 10 ಆಂಪಿಯರ್. ಈಗಿನ 540 ವ್ಯಾಟ್ ಪ್ಯಾನೆಲುಗಳ ಐಎಸ್‌ಸಿ 13ರ ಮೇಲೆ. ಮೀಟರಿನ ಫ್ಯೂಸ್ ಹೋಗುತ್ತದೆ. ವೈರನ್ನು ಹೊರಗಿನಿಂದಲೇ ಬಳಸಿ ಹಿಡಿದು ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಬೇಕು. ಅಗ್ಗದ ಕ್ಲಾಂಪ್ ಮೀಟರುಗಳು ಬರೀ ಎಸಿ ಅಳೆಯುತ್ತವೆ, ಕೊಳ್ಳುವಾಗ ನೋಡಿಕೊಳ್ಳಿ.

ಚೀಟಿಯ ಲೆಕ್ಕ ಚದರ ಮೀಟರಿಗೆ 1000 ವ್ಯಾಟ್ ಬಿಸಿಲು, ಸೆಲ್ಲಿನ ಬಿಸಿ 25 ಡಿಗ್ರಿ ಇದ್ದಾಗ ಎಂದು ಹಾಕಿದ್ದು. ಕಕ್ಕಡ ತಿಂಗಳ ಮಳೆಗಾಲದ ಮಂಜಿನಲ್ಲಿ 9 ಆಂಪಿಯರ್ ಪ್ಯಾನೆಲ್ 2 ತೋರಿಸಿದರೆ ಅಂಗಡಿಗೆ ಓಡಬೇಡಿ. ವಿಒಸಿ ಹೆಚ್ಚುಕಮ್ಮಿ ಚೀಟಿಯ ಹತ್ತಿರವೇ ಇದ್ದರೆ, ಬಿಸಿಲು ಬಂದ ದಿನ ಇನ್ನೊಮ್ಮೆ ಅಳೆಯಿರಿ.